ಓದುಗರ ಪ್ರಶ್ನೆ: ಕಾಮೆಂಟಿನ ಬಣ್ಣ ಒಂದೇ ಸಾಲಿಗೆ ನಿಲ್ಲುವುದೇಕೆ?

ಪ್ರಶ್ನೆ: ಕ್ಯೂಟಿ (Qt, ತಂತ್ರಾಂಶ ಕಟ್ಟುವ ಸಲಕರಣೆ) ಬಳಸಿ ಕೋಡ್ ಬರೆಯಲು ಪುಟ್ಟ ಎಡಿಟರ್ ಬರೆಯುತ್ತಿದ್ದೇನೆ. ಸಿ ಭಾಷೆಯಲ್ಲಿರುವ ಅಡಿಕೆ ಮಂಡಿ ಲೆಕ್ಕದ ಪ್ರೋಗ್ರಾಂ ತೆರೆದರೆ ಕಾಮೆಂಟ್ (ಟಿಪ್ಪಣಿ) ಶುರುವಾಗುವ /* ಇರುವ ಸಾಲು ಮಾತ್ರ ಹಸಿರು. ಅದರ ಕೆಳಗಿನ ಕಾಮೆಂಟ್ ಸಾಲುಗಳು ಮಾಮೂಲಿ ಕೋಡ್‌ನಂತೆ ಕಾಣುತ್ತವೆ. ಏನು ಮಾಡಲಿ?
— ಓದುಗರು, ತೀರ್ಥಹಳ್ಳಿ

ಉತ್ತರ: ಹಿಂದಿನ ಸಾಲು ಹೇಗೆ ಮುಗಿಯಿತು ಎಂಬುದು ನಿಮ್ಮ ಹೈಲೈಟರ್‌ಗೆ (ಕೋಡ್‌ಗೆ ಬಣ್ಣ ಹಾಕುವ ಭಾಗಕ್ಕೆ) ನೆನಪಿಲ್ಲ. ಪ್ರತಿ ಸಾಲಿನ ಕೊನೆಗೆ ಕ್ಯೂಟಿಯ ಫಂಕ್ಷನ್ ಸೆಟ್‌ಕರೆಂಟ್‌ಬ್ಲಾಕ್‌ಸ್ಟೇಟ್ ಕರೆದು ಸ್ಥಿತಿ ಉಳಿಸಿ: ಮಾಮೂಲಿಗೆ 0, ಕಾಮೆಂಟ್ ಒಳಗಿದ್ದರೆ 1. ಮುಂದಿನ ಸಾಲಿನಲ್ಲಿ ಪ್ರೀವಿಯಸ್‌ಬ್ಲಾಕ್‌ಸ್ಟೇಟ್ (ಹಿಂದಿನ ಸಾಲಿನ ಸ್ಥಿತಿ) 1 ಬಂದರೆ ಮೊದಲು ಕಾಮೆಂಟ್ ಮುಗಿಸುವ */ ಹುಡುಕಿ. ಸಿಗದಿದ್ದರೆ ಇಡೀ ಸಾಲಿಗೆ ಬಣ್ಣ ಬಳಿದು ಮತ್ತೆ 1 ಬರೆಯಿರಿ. ಕಡತದ ಮೊದಲ ಸಾಲಿಗೆ -1 ಬರುತ್ತದೆ, ಅದೂ ಮಾಮೂಲಿಯೇ.

ಸ್ಥಿತಿ ಬದಲಾದರೆ ಮುಂದಿನ ಸಾಲಿಗೆ ಕ್ಯೂಟಿ ತಾನೇ ಮತ್ತೆ ಬಣ್ಣ ಹಾಕುತ್ತದೆ, ಬದಲಾಗದಿದ್ದಲ್ಲಿ ನಿಲ್ಲುತ್ತದೆ. ಒಂದೊಂದು ಕೀ ಒತ್ತಿದಾಗಲೂ ಇಡೀ ಕಡತಕ್ಕೆ ಮತ್ತೆ ಬಣ್ಣ ಹಾಕುವ ರೀಹೈಲೈಟ್ ಕರೆಯಬೇಡಿ. ದೊಡ್ಡ ಕಡತದಲ್ಲಿ ಟೈಪಿಂಗ್ ಎಳೆದಾಡುತ್ತದೆ.

ಬಹಳ ಮಂದಿ ಎಡವುವುದು ಇಲ್ಲಲ್ಲ, ಸ್ಟ್ರಿಂಗ್‌ನಲ್ಲಿ, ಅಂದರೆ ಉದ್ಧರಣೆ ಚಿಹ್ನೆಯೊಳಗಿನ ಪಠ್ಯದಲ್ಲಿ. ಕೋಡ್‌ನಲ್ಲಿ "ಗೊರಬಲು /* ಸರಕು" ಎಂದಿದೆ ಅನ್ನಿ. ಕಾಮೆಂಟನ್ನೂ ಸ್ಟ್ರಿಂಗನ್ನೂ ಬೇರೆ ಬೇರೆ ರೆಜೆಕ್ಸ್‌ನಲ್ಲಿ (ಪಠ್ಯದ ಮಾದರಿ ಹುಡುಕುವ ಸೂತ್ರದಲ್ಲಿ) ಹುಡುಕಿದರೆ ಆ ಉದ್ಧರಣೆಯೊಳಗಿನ /* ನಿಜವಾದ ಕಾಮೆಂಟ್ ಎನಿಸಿ, ಮುಂದೆ */ ಸಿಗುವವರೆಗೂ ಎಲ್ಲ ಹಸಿರು, ಮಳೆಗಾಲದ ಆಗುಂಬೆಯ ಹಾಗೆ! ಸಾಲನ್ನು ಎಡದಿಂದ ಬಲಕ್ಕೆ ಒಂದೇ ಸಲ ಓದಿ; ", // (ಒಂದೇ ಸಾಲಿನ ಕಾಮೆಂಟಿನ ಗುರುತು), /* ಇವುಗಳಲ್ಲಿ ಮೊದಲು ಸಿಕ್ಕಿದ್ದಕ್ಕೇ ಅಧಿಕಾರ. ಸ್ಟ್ರಿಂಗ್ ಒಳಗೆ \ ಕಂಡರೆ ಅದರ ಮುಂದಿನ ಅಕ್ಷರವನ್ನೂ ದಾಟಿ ಹೋಗಿ.

ನಾಳೆ ಪೈಥಾನ್ ಸೇರಿಸುವುದಾದರೆ ಹಲವು ಸಾಲಿನ ಸ್ಟ್ರಿಂಗ್ ತೆರೆಯುವ ''' ಗೆ ಒಂದು ಸ್ಥಿತಿ ಸಂಖ್ಯೆ, """ ಗೆ ಬೇರೆಯದೇ ಸಂಖ್ಯೆ ಇಡಿ. ಒಂದರಿಂದ ತೆರೆದದ್ದನ್ನು ಇನ್ನೊಂದು ಮುಚ್ಚುವುದಿಲ್ಲ.