ಯುದ್ಧಕ್ಕೆ ಸಾಕುವ ಹುಲಿ ಮರಿಯಿಂದ ಹೇಗೆ ಬೆಳೆಯಬೇಕು?

ನಿಮ್ಮ ಕಾಲ್ಪನಿಕ ಕಥೆಯಲ್ಲಿ ಯೋಧರ ಜೊತೆ ಯುದ್ಧಕ್ಕೆ ಹೋಗುವ ದೈತ್ಯ ಹುಲಿಗಳಿವೆ, ಮರಿಯಿಂದ ಹಿಡಿದು ಅವುಗಳ ಬೆಳವಣಿಗೆಯನ್ನು ಹೇಗೆ ಬರೆಯೋದು ಅಂತ ಕೇಳಿದ್ದೀರಿ. ನಾನು ಗದಗದವನು. ಕಪ್ಪತಗುಡ್ಡದ ಸೀಮೆಯಲ್ಲಿ ನಡೆಯುವ ಇಂಥದ್ದೇ ಕಥೆ ಬರೆಯುತ್ತಿದ್ದೇನೆ. ನನ್ನ ಮಾತು ಒಂದೇ: ತಾಯಿಹುಲಿಯನ್ನು ಮೊದಲ ಅಧ್ಯಾಯದಲ್ಲೇ ಸಾಯಿಸಬೇಡಿ.

ತಬ್ಬಲಿ ಮರಿ ಯೋಧನ ಮಡಿಲಲ್ಲಿ ಬೆಳೆಯೋದು ಓದೋಕೆ ಚೆಂದ. ಆದರೆ ಅದಕ್ಕೆ ಬೇಟೆ ಕಲಿಸೋರು ಯಾರು? ಹಿಂದೆ ರಾಜರು ಬೇಟೆಗೆ ಸಿವಂಗಿ (ಚೀತಾ) ಸಾಕುತ್ತಿದ್ದರು, ನಮ್ಮ ಪಕ್ಕದ ಕೊಲ್ಹಾಪುರದಲ್ಲೂ ಇದ್ದವು. ಅವರಿಗೆ ಮರಿ ಬೇಕಿರಲಿಲ್ಲ. ತಾಯಿಯ ಹತ್ತಿರ ಬೇಟೆ ಕಲಿತು ಬೆಳೆದ ಸಿವಂಗಿಯನ್ನೇ ಹಿಡಿದು, ಕಣ್ಣಿಗೆ ಪಟ್ಟಿ ಕಟ್ಟಿ ಪಳಗಿಸುತ್ತಿದ್ದರು. ಹಾಗಾಗಿ ನಿಮ್ಮ ಪಡೆಯಲ್ಲಿ ತಾಯಿಯೂ ಇರಲಿ, ಮರಿ ಇಬ್ಬರ ಕೈಯಲ್ಲೂ ಬೆಳೆಯಲಿ.

ನಿಜವಾದ ಹುಲಿಮರಿ ಹುಟ್ಟಿದಾಗ ಸುಮಾರು 1 ಕೆಜಿ ಇರುತ್ತದೆ, ಕಣ್ಣು ಮುಚ್ಚಿರುತ್ತದೆ. ಒಂದೆರಡು ವಾರಕ್ಕೆ ಕಣ್ಣು ಬಿಡುತ್ತದೆ. 2 ತಿಂಗಳಿಗೆ ಮಾಂಸದ ರುಚಿ ನೋಡುತ್ತದೆ, 6 ತಿಂಗಳ ಹೊತ್ತಿಗೆ ಹಾಲು ಬಿಡುತ್ತದೆ. ಇಷ್ಟನ್ನು ಬೇಗ ಮುಗಿಸಿ.

ಕಥೆಯ ಜೀವ ಇರೋದು ಮರಿಯ 1ರಿಂದ 2 ವರ್ಷದ ನಡುವೆ. ಹಾಲುಹಲ್ಲು ಹೋಗಿ ಕೋರೆ ಬಲಿಯುವ ಕಾಲ ಅದು. ಮೈ ದೊಡ್ಡದು, ಬುದ್ಧಿ ಇನ್ನೂ ಮರಿಯದೇ. ಆಟಕ್ಕೆ ಹಾಕಿದ ಪಂಜವೇ ಭುಜದ ಮೂಳೆ ಮುರಿಯುತ್ತದೆ. ಹುಲಿ ಹಿಂದಿನಿಂದ ಎರಗುವ ಪ್ರಾಣಿ ಅಲ್ವಾ? ನನ್ನ ಕಥೆಯ ಹುಡುಗಿ ದಿನಾ ಸಂಜೆ ಅದಕ್ಕೆ ಬೆನ್ನು ಕೊಟ್ಟು ಕೂರುತ್ತಾಳೆ. ಅದು ಹೊಟ್ಟೆ ನೆಲಕ್ಕೆ ತಾಗಿಸಿ ಹೆಜ್ಜೆ ಹೆಜ್ಜೆಗೆ ಹತ್ತಿರ ಬರುತ್ತದೆ. ಮೊದಮೊದಲು ತಾಯಿ ನಡುವೆ ಬಂದು ಮಲಗುತ್ತಾಳೆ. ಒಂದು ದಿನ ಬರುವುದಿಲ್ಲ.

2 ವರ್ಷದ ಆಸುಪಾಸಿನಲ್ಲಿ ಹುಲಿ ತಾಯಿಯನ್ನೂ ಬಿಟ್ಟು ತನ್ನದೇ ಜಾಗ ಹುಡುಕಿ ಹೊರಡುತ್ತದೆ. ನಿಮ್ಮ ಹುಲಿ ಯಾಕೆ ಹೊರಡಲಿಲ್ಲ? ಇದಕ್ಕೊಂದು ಗಟ್ಟಿ ಕಾರಣ ಕೊಡಿ. ಸುಮ್ನೆ ಪ್ರೀತಿ ಅಂದರೆ ಓದುಗ ನಂಬಲ್ಲ. ನನ್ನ ಕಥೆಯಲ್ಲಿ ಹುಡುಗಿಯೇ ಬಾಗಿಲು ತೆಗೆದು, ಬೇಟೆಗೆ ಅದರ ಜೊತೆ ಹೊರಟುಬಿಡುತ್ತಾಳೆ.

ಗಂಡು ಪೂರ್ತಿ ಬಲಿಯೋಕೆ 4-5 ವರ್ಷ ಬೇಕು. ಅಲ್ಲಿವರೆಗೆ ಯುದ್ಧಕ್ಕೆ ಇಳಿಸಬೇಡಿ. ಇನ್ನು ಊಟದ ಲೆಕ್ಕ. ಐವತ್ತು ಹುಲಿಗಳ ಪಡೆಗೆ ದಿನಾ ಕುರಿ ಎಲ್ಲಿಂದ ತರ್ತೀರಿ? ನಮ್ಮ ಗದಗ, ಹಾವೇರಿ ಕಡೆಯ ಕುರಿಗಾರರ ಹಿಂಡು ನೋಡಿದಾಗೆಲ್ಲ ನನಗೆ ಇದೇ ಯೋಚನೆ. ರಾಜ ಹಿಂಡಿಗೆ ಕೈ ಹಾಕಿದರೆ ಅವರು ಸುಮ್ಮನಿರಲ್ಲ. ಆ ಜಗಳಕ್ಕೂ ಕಥೆಯಲ್ಲಿ ಜಾಗ ಇಡಿ.