ಓದುಗರ ಪ್ರಶ್ನೆ: ಬಯಲಲ್ಲಿ ನಿಂತ ವೀರಗಲ್ಲು

ಪ್ರಶ್ನೆ: ನಮ್ಮೂರ ಪುಟ್ಟ ವಸ್ತುಸಂಗ್ರಹಾಲಯದ ಅಂಗಳದಲ್ಲಿ ನಾಲ್ಕು ವೀರಗಲ್ಲುಗಳಿವೆ. ಬೀಳದಿರಲೆಂದು ಬುಡಕ್ಕೆ ಸಿಮೆಂಟ್ ಹಾಕಿಸಿದ್ದೆವು. ಈಗ ಕೆಳಭಾಗ ಬಿಳಿಚಿಕೊಂಡು ಪುಡಿಪುಡಿಯಾಗಿ ಉದುರುತ್ತಿದೆ. ಮೇಲೆ ಶೀಟು ಹಾಕಿಸಿದರೆ ನಿಲ್ಲುತ್ತದೆಯೇ?
– ಬೇಲೂರು ತಾಲ್ಲೂಕಿನ ಓದುಗರು

ಉತ್ತರ: ಶೀಟು ಆಮೇಲೆ ನೋಡೋಣ. ತೊಂದರೆ ಇರುವುದು ಬುಡದಲ್ಲಿ. ನೆಲದ ತೇವವನ್ನು ಕಲ್ಲು ಬತ್ತಿಯಂತೆ ಹೀರುತ್ತದೆ. ಆ ನೀರು ಆರುವಾಗ ಅದರಲ್ಲಿದ್ದ ಉಪ್ಪು ಹರಳುಗಟ್ಟಿ ಕಲ್ಲಿನ ಮೈಯನ್ನು ಒಳಗಿಂದ ಸಿಡಿಸುತ್ತದೆ. ಮೊದಲು ಬುಡದ ಮಣ್ಣಿನಲ್ಲೇ ಆರುತ್ತಿದ್ದ ತೇವಕ್ಕೆ ಸಿಮೆಂಟ್ ದಾರಿ ಮುಚ್ಚಿತು, ತನ್ನ ಉಪ್ಪನ್ನೂ ಸೇರಿಸಿತು. ವೀರಗಲ್ಲನ್ನು ಓದುವುದು ಕೆಳಗಿನಿಂದ ಮೇಲಕ್ಕೆ: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದೆದುರು ಕೂತ ವೀರ. ನಿಮ್ಮಲ್ಲಿ ಉದುರುತ್ತಿರುವುದು ಆ ಕಾಳಗವೇ.

ಸಂರಕ್ಷಿತ ಕಲ್ಲಾದರೆ ಪುರಾತತ್ವ ಇಲಾಖೆಯ ಅನುಮತಿಯಿಲ್ಲದೆ ಕೈ ಹಚ್ಚಬೇಡಿ. ಅನುಮತಿ ಸಿಕ್ಕರೆ ಮೊದಲು ಕಲ್ಲಿಗೆ ಮರದ ಆನಿಕೆ ಕೊಟ್ಟು ಸಿಮೆಂಟನ್ನು ಹೊರಗಿನಿಂದ ಒಳಕ್ಕೆ ಸಣ್ಣ ಉಳಿಯಲ್ಲಿ ಬಿಡಿಸಿ. ಗ್ರೈಂಡರ್ ಖಂಡಿತ ಬೇಡ. ಕಲ್ಲಿಗೇ ಅಂಟಿದ ತುಣುಕು ಬರದಿದ್ದರೆ ಅಲ್ಲೇ ಇರಲಿ, ಕಿತ್ತರೆ ಶಿಲ್ಪವೂ ಬರುತ್ತದೆ. ಸುತ್ತ ಆರಿಂಚು ಜಲ್ಲಿ ತುಂಬಿ, ನೀರು ಹೊರಗೆ ಹರಿಯುವಂತೆ ಇಳಿಜಾರು ಕೊಡಿ. ಗಾರೆ ಬೇಕೇ ಆದರೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಮರಳು. ಇದನ್ನು ಮಳೆ ಪೂರ್ತಿ ನಿಂತ ಮೇಲೆ ಮಾಡಿ, ವಾರವಿಡೀ ಒದ್ದೆ ಗೋಣಿ ಹೊದಿಸಿ. ಮಳೆಗಾಲದಲ್ಲಿ ಹಾಕಿದ ಸುಣ್ಣದ ಗಾರೆ ಕೂರುವ ಮೊದಲೇ ತೊಳೆದುಹೋಗುತ್ತದೆ. ಹಳೇಬೀಡಿನ ವಸ್ತುಸಂಗ್ರಹಾಲಯದ ಬಯಲಿಗೆ ಹೋದಾಗ ಶಿಲ್ಪಗಳ ಜೊತೆ ಅವುಗಳ ಕೆಳಗಿನ ಪೀಠಗಳನ್ನೂ ನೋಡಿ ಬನ್ನಿ.

ಪ್ರಶ್ನೆ: ಬಳಪದ ಕಲ್ಲಿನ ವಿಗ್ರಹದ ಮೇಲೆ ಬೂದು ಕಲ್ಲುಹೂವು ಹಬ್ಬಿದೆ. ಆಸಿಡ್ ಹಾಕಿ ತೊಳೆಯಬಹುದೇ?
– ಮೂಡಿಗೆರೆ

ಉತ್ತರ: ಬೇಡ. ಆಸಿಡ್ ಕಲ್ಲನ್ನೇ ತಿನ್ನುತ್ತದೆ, ಬ್ಲೀಚಿಂಗ್ ಪುಡಿ ಉಪ್ಪು ಬಿಟ್ಟುಹೋಗುತ್ತದೆ. ಬಳಪದ ಕಲ್ಲು ಉಗುರು ಗೀರುವಷ್ಟು ಮೆತ್ತಗಿರುವುದೂ ಉಂಟು. ಹೊಯ್ಸಳ ಶಿಲ್ಪಿಗಳಿಗೆ ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾದದ್ದೂ ಅದರಿಂದಲೇ. ತಂತಿ ಬ್ರಷ್ ಆಡಿಸಿದರೆ ಆಭರಣದ ಮಣಿಗಳು ಹೋಗುತ್ತವೆ. ಶುದ್ಧ ನೀರು ಚಿಮುಕಿಸಿ ಅರ್ಧ ಗಂಟೆ ನೆನೆಯಲು ಬಿಡಿ. ಉಬ್ಬಿದ ಕಲ್ಲುಹೂವನ್ನು ಬಿದಿರ ಚಕ್ಕೆಯಿಂದ ಎಬ್ಬಿಸಿ, ಮೆತ್ತನೆಯ ನೈಲಾನ್ ಬ್ರಷ್‌ನಿಂದ ತೆಗೆಯಿರಿ. ಕಲ್ಲು ಪದರ ಬಿಡುತ್ತಿದ್ದರೆ ಅದೂ ಬೇಡ, ಪರಿಣತರನ್ನು ಕರೆಸಿ. ಮೇಲೆ ಬಾಗಿದ ಕೊಂಬೆ ಕಡಿದು ಬಿಸಿಲು ಬೀಳುವಂತೆ ಮಾಡದಿದ್ದರೆ ಅದು ಮತ್ತೆ ಹಬ್ಬುತ್ತದೆ. ಹೊಳಪಿಗೆಂದು ಎಣ್ಣೆ ಸವರುವವರಿದ್ದಾರೆ. ಧೂಳು ಕೂತು ಎರಡೇ ವರ್ಷದಲ್ಲಿ ಮೂಗು ಬಾಯಿ ಗುರುತು ಸಿಗದಂತಾಗುತ್ತದೆ.

ಪ್ರಶ್ನೆ: ಸವೆದ ಶಾಸನ ಓದಲು ಅಕ್ಷರಕ್ಕೆ ಸೀಮೆಸುಣ್ಣ ತುಂಬಬಹುದೇ?
– ಅರಸೀಕೆರೆ

ಉತ್ತರ: ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ತಾಗಿಸಿ ಓರೆಯಾಗಿ ಬಿಡಿ, ಅಕ್ಷರಗಳು ನೆರಳಲ್ಲಿ ಎದ್ದು ಬರುತ್ತವೆ. ಸುಣ್ಣ ತುಂಬಿದರೆ ಮುಂದೆ ಓದುವವರು ನೀವು ಎಳೆದ ಗೆರೆಯನ್ನೇ ಅಕ್ಷರವೆಂದು ಓದುತ್ತಾರೆ. ಅಂದಹಾಗೆ, ಕರ್ನಾಟಕದ ಶಾಸನಗಳ ಪಾಠಗಳನ್ನು ಅಚ್ಚು ಮಾಡಿದ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಮುದ್ರಣದಲ್ಲಿ ಹಾಸನ ಜಿಲ್ಲೆಗೆ 5ನೆಯ ಸಂಪುಟ, ಆಗಿನ ಕಡೂರು (ಈಗಿನ ಚಿಕ್ಕಮಗಳೂರು) ಜಿಲ್ಲೆಗೆ 6ನೆಯದು. ನಿಮ್ಮ ಶಾಸನದ ಪಾಠ ಆಗಲೇ ಅಚ್ಚಾಗಿರಬಹುದು, ಮೊದಲು ಅಲ್ಲಿ ಹುಡುಕಿ.