ಪ್ರೊಫೆಸರರೇ, ಒಂದು ಪಿರಿಯಡ್ ಮೂರನೇ ಕ್ಲಾಸಿಗೆ ಬನ್ನಿ

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಅಮೆರಿಕದ ಶಿಕ್ಷಣ ವಿಭಾಗಗಳ ಬಗ್ಗೆ ಪುಟಗಟ್ಟಲೆ ಬರೆದಿರಿ. ನಮ್ಮ ಬಿಎಡ್, ಎಂಎಡ್ ಕಾಲೇಜುಗಳು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಈ ವರ್ಷ ನಮ್ಮ ಕಾಲೇಜಿನ ಇಬ್ಬರಿಗೆ ಪಿಎಚ್‌ಡಿ ಆಗಿದೆ. ಪ್ರಿನ್ಸಿಪಾಲರು ಅಂತರರಾಷ್ಟ್ರೀಯ ಸೆಮಿನಾರಿನಲ್ಲಿ ಪ್ರಬಂಧ ಮಂಡಿಸಿದ್ದಾರೆ. ವಿದ್ಯಾರ್ಥಿಗಳಂತೂ ಲೆಸನ್ ಪ್ಲಾನ್, ರೆಕಾರ್ಡ್, ಸಿಟಿಸಿ (ಪೌರತ್ವ ತರಬೇತಿ) ಕ್ಯಾಂಪ್ ಅಂತ ಉಸಿರಾಡಲು ಪುರುಸೊತ್ತಿಲ್ಲದೆ ದುಡಿಯುತ್ತಾರೆ. ಇದು ಸಾಧನೆ ಅಲ್ಲವೇ?"
— ಬಿಎಡ್ ಕಾಲೇಜಿನ ಉಪನ್ಯಾಸಕಿ (ಹೆಸರು, ಊರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ: ಸಾಧನೆಯೇ ಮೇಡಂ. ಪಿಎಚ್‌ಡಿ ಅಂದರೆ ಸುಮ್ನೆ ಅಲ್ಲ. ಮನೆ, ಮಕ್ಕಳು, ಕಾಲೇಜಿನ ಕೆಲಸ ಎಲ್ಲ ಮುಗಿಸಿ ರಾತ್ರಿ ಕೂತು ಬರೆದವರಿಗೇ ಅದರ ಕಷ್ಟ ಗೊತ್ತು. ಆ ಇಬ್ಬರಿಗೂ ನಮ್ಮ ಅಭಿನಂದನೆ ತಿಳಿಸಿ. ನಿಮ್ಮ ಸಿಟ್ಟೂ ನನಗೆ ಇಷ್ಟವಾಯಿತು. ತಮ್ಮ ಕಾಲೇಜಿನ ಪರವಾಗಿ ಹೀಗೆ ಜಗಳಕ್ಕೆ ನಿಲ್ಲುವವರು ಈಗ ಕಡಿಮೆ.

ಆದರೆ ನಿಮ್ಮ ಪತ್ರದಲ್ಲಿ ಎಷ್ಟು ಹುಡುಕಿದರೂ ನನಗೆ ಒಂದು ಮಗು ಸಿಗಲಿಲ್ಲ. ಪಿಎಚ್‌ಡಿ ಇದೆ, ಸೆಮಿನಾರ್ ಇದೆ, ರೆಕಾರ್ಡ್ ಇದೆ. ಇದೆಲ್ಲ ಯಾರಿಗಾಗಿಯೋ ಆ ಮಗುವೇ ಇಲ್ಲ.

ಅಮೆರಿಕದ ಬಗ್ಗೆ ಬರೆದದ್ದು ಅಲ್ಲಿನ ಕಟ್ಟಡ ನೋಡಿ ಅಲ್ಲ. ಡೆಬೊರಾ ಬಾಲ್ ಅಂತ ಒಬ್ಬರಿದ್ದಾರೆ. 1989–90ರಲ್ಲಿ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯ ಶಿಕ್ಷಣ ವಿಭಾಗದಲ್ಲಿ ಅಧ್ಯಾಪಕಿಯಾಗಿದ್ದರು. ಯೂನಿವರ್ಸಿಟಿ ಕೆಲಸದ ಜೊತೆಗೇ ಆ ಊರಿನ ಸರ್ಕಾರಿ ಶಾಲೆಗೆ ಹೋಗಿ ಮೂರನೇ ಕ್ಲಾಸಿಗೆ ದಿನಾ ಗಣಿತ ಪಾಠ ಮಾಡುತ್ತಿದ್ದರು. ಒಂದು ದಿನ ಕ್ಲಾಸಿನಲ್ಲಿ ಸಮ, ಬೆಸ ಸಂಖ್ಯೆಗಳ ಮಾತು ನಡೆದಿತ್ತು. ಶಾನ್ ಎಂಬ ಹುಡುಗ, ಆರು ಸಮವೂ ಹೌದು, ಬೆಸವೂ ಹೌದು ಅಂದ. ಹೇಗಪ್ಪಾ? ಆರರಲ್ಲಿ ಮೂರು ಜೋಡಿ ಇವೆ, ಮೂರು ಬೆಸ ತಾನೇ ಅಂತ ಅವನ ವಾದ.

ನಮ್ಮಲ್ಲಾಗಿದ್ದರೆ "ತಪ್ಪು, ಕೂತ್ಕೋ" ಅನ್ನುತ್ತಿದ್ದೆವು. ಬಾಲ್ ಹಾಗನ್ನಲಿಲ್ಲ. ಮಕ್ಕಳನ್ನೇ ಮಾತಿಗೆ ಬಿಟ್ಟರು. ಒಬ್ಬ ಹುಡುಗಿ ತಕರಾರು ತೆಗೆದಳು: ಹಾಗಾದ್ರೆ ಹತ್ತೂ ಹಾಗೇ ಆಗುತ್ತಲ್ಲ, ಅದರಲ್ಲಿ ಐದು ಜೋಡಿ ಇವೆ! ಅವಳು ಹೇಳಿದ್ದು ಅವನನ್ನು ಸೋಲಿಸಲು. ಶಾನ್ ಯೋಚಿಸಿದ. ಹೌದಲ್ಲ, ನನಗೆ ಅದು ಹೊಳೆದೇ ಇರಲಿಲ್ಲ, ಥ್ಯಾಂಕ್ಸ್, ಹತ್ತೂ ಹಾಗೇ ಅಂದ. 2, 6, 10, 14 ಇಂಥ ಸಂಖ್ಯೆಗಳಿಗೆ ಆ ಕ್ಲಾಸಿನಲ್ಲಿ 'ಶಾನ್ ಸಂಖ್ಯೆ' ಅಂತಲೇ ಹೆಸರಾಯಿತು. ಸಮಸಂಖ್ಯೆ ಯಾವುದು ಅನ್ನೋದನ್ನೂ ಮಕ್ಕಳು ಬಿಡಲಿಲ್ಲ, ಇದನ್ನೂ ಬೆನ್ನು ಹತ್ತಿದರು. ಬಾಲ್ ಮುಂದೆ ಮಿಷಿಗನ್ ಯೂನಿವರ್ಸಿಟಿಯ ಶಿಕ್ಷಣ ವಿಭಾಗಕ್ಕೆ ಡೀನ್ ಆದರು. ಪ್ರಬಂಧಗಳನ್ನು ಅವರೂ ಬರೆದಿದ್ದಾರೆ, ಬೇಕಾದಷ್ಟು. ಆದರೆ ಅವುಗಳೊಳಗೆ ಶಾನ್ ಇದ್ದಾನೆ.

ವಿದ್ಯಾರ್ಥಿ ಜೀವನದ ಮಾತು ಎತ್ತಿದ್ದೀರಿ. ಹಾರ್ವರ್ಡ್‌ನ ಶಿಕ್ಷಣ ವಿಭಾಗದಲ್ಲಿ ಎಲಿನಾರ್ ಡಕ್‌ವರ್ತ್ ಅಂತ ಪ್ರೊಫೆಸರ್ ಇದ್ದರು. ಮಕ್ಕಳು ಹೇಗೆ ಯೋಚಿಸುತ್ತಾರೆ ಅಂತ ಅಧ್ಯಯನ ಮಾಡಿದ ಮನೋವಿಜ್ಞಾನಿ ಪಿಯಾಜೆ ಹತ್ತಿರ ಕಲಿತವರು. ನಿಮ್ಮ ವಿದ್ಯಾರ್ಥಿಗಳು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರಲ್ಲ, ಅದೇ ಪಿಯಾಜೆ. ಮೇಷ್ಟ್ರಾಗಲು ಬಂದ ದೊಡ್ಡವರಿಗೆ ಆಕೆ ಕೊಡುತ್ತಿದ್ದ ಹೋಂವರ್ಕ್ ಏನು ಗೊತ್ತಾ? ಚಂದ್ರನನ್ನು ನೋಡುವುದು. ಎಷ್ಟು ಹೊತ್ತಿಗೆ ಕಂಡ, ಎಲ್ಲಿ ಕಂಡ, ಯಾವ ಆಕಾರ, ಎಲ್ಲ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ತಮಗೆ ಗೊತ್ತು ಅಂದುಕೊಂಡದ್ದು ಗೊತ್ತಿಲ್ಲ ಅಂತ ತಾವೇ ಕಂಡುಕೊಳ್ಳಬೇಕು. ಕಲಿಯುವಾಗ ಮಗುವಿನ ತಲೆಯೊಳಗೆ ಏನಾಗುತ್ತೆ ಅಂತ ಆಗ ಗೊತ್ತಾಗುತ್ತೆ.

ನಮ್ಮ ಪಕ್ಕದ ಮನೆಯ ಹುಡುಗಿಯೂ ಬಿಎಡ್ ಮಾಡುವಾಗ ಚಂದ್ರನನ್ನು ನೋಡಿದ್ದಾಳೆ. ನಡುರಾತ್ರಿ ಚಾರ್ಟಿಗೆ ಬಣ್ಣ ಬಳಿಯುತ್ತಾ, ಕಿಟಕಿಯಿಂದ! ಅವಳ ರೆಕಾರ್ಡ್ ತೆಗೆದು ನೋಡಿದ್ದೇನೆ. ಸ್ಕೆಚ್ ಪೆನ್ನಿನಲ್ಲಿ ಎಳೆದ ಅಂಚು, ಅಚ್ಚುಕಟ್ಟಾದ ಕಾಲಂಗಳು. 'ವಿದ್ಯಾರ್ಥಿಯು ಸ್ಮರಿಸುವನು, ಗುರುತಿಸುವನು, ಉದಾಹರಣೆ ಕೊಡುವನು' ಅಂತ ಪಾಠಕ್ಕೆ ಮೊದಲೇ ಬರೆದಾಗಿದೆ. ಅದನ್ನು ಅವಳು ಸೀನಿಯರ್ ರೆಕಾರ್ಡಿನಿಂದ ಇಳಿಸಿದ್ದು. ಆ ಸೀನಿಯರ್ ಇನ್ಯಾರದೋ ರೆಕಾರ್ಡಿನಿಂದ ಇಳಿಸಿರಬೇಕು. ಕೊನೆಯಲ್ಲಿ ಕೆಂಪು ಇಂಕಿನಲ್ಲಿ 'ಕಪ್ಪುಹಲಗೆ ಬಳಕೆ ಉತ್ತಮ' ಅಂತ ಷರಾ. ಮಗು ಏನಂತು ಅಂತ ಬರೆಯಲು ಎಲ್ಲೂ ಜಾಗವೇ ಇಲ್ಲ.

ಮೈಕ್ರೋ ಟೀಚಿಂಗ್, ಅಂದರೆ ಕೆಲವೇ ನಿಮಿಷದ ಪುಟ್ಟ ಪಾಠ ಮಾಡಿ ಅಭ್ಯಾಸ ಮಾಡುವುದು, ಅದರ ಕಥೆಯೂ ಅಷ್ಟೇ. 1963ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಡ್ವೈಟ್ ಅಲೆನ್ ಮತ್ತು ಜೊತೆಯವರು ಶುರು ಮಾಡಿದಾಗ ಎದುರಿಗೆ ಕೂತಿದ್ದವರು ನಿಜವಾದ ಶಾಲಾ ಮಕ್ಕಳು. ನಮ್ಮಲ್ಲಿಗೆ ಬಂದಾಗ ಮಕ್ಕಳು ಮಾಯ. ಸಹಪಾಠಿಗಳೇ ಮಕ್ಕಳ ವೇಷ ಹಾಕುತ್ತಾರೆ. ಆರು ನಿಮಿಷ ಪಾಠ, ಆರು ನಿಮಿಷ ಹಿಮ್ಮಾಹಿತಿ. ಇಪ್ಪತ್ಮೂರು ವರ್ಷದವಳು ಏಳನೇ ಕ್ಲಾಸಿನವಳ ಹಾಗೆ ಕೈ ಎತ್ತಿ, ಮೊದಲೇ ಹೇಳಿಕೊಟ್ಟ ಉತ್ತರ ಒಪ್ಪಿಸುತ್ತಾಳೆ.

ಕಾಗದದ ಮೇಲೆ ನಮ್ಮಲ್ಲೂ ಎಲ್ಲ ಇದೆ, ಒಪ್ಪುತ್ತೇನೆ. 2015ರಿಂದ ಬಿಎಡ್ ಎರಡು ವರ್ಷ ಆಗಿದೆ, ಅದರಲ್ಲಿ 20 ವಾರ ಶಾಲಾ ಇಂಟರ್ನ್‌ಶಿಪ್. 1963ರಲ್ಲಿ ಶುರುವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಕ್ಯಾಂಪಸ್ಸಿನಲ್ಲೇ ಪಾಠ ಮಾಡಿ ತೋರಿಸಲೆಂದು ಡಿಎಂ ಸ್ಕೂಲ್ ಇದೆ. ಆದರೆ ಇಂಟರ್ನ್‌ಶಿಪ್‌ಗೆ ಹೋಗುವುದು ವಿದ್ಯಾರ್ಥಿ ಮಾತ್ರ. ಉಪನ್ಯಾಸಕರು ಯಾವಾಗಲೋ ಒಂದು ದಿನ ಬಂದು, ಹಿಂದಿನ ಬೆಂಚಿನಲ್ಲಿ ಕೂತು, ಸಹಿ ಹಾಕಿ ಹೋಗುತ್ತಾರೆ. ಮೆಡಿಕಲ್ ಕಾಲೇಜಿನ ಸರ್ಜರಿ ಪ್ರೊಫೆಸರ್ ತಾನೂ ಆಪರೇಷನ್ ಮಾಡುತ್ತಾರೆ. ಕತ್ತರಿ ಮುಟ್ಟದ ಸರ್ಜನ್ನಿನ ಹತ್ತಿರ ನಾವು ಮಕ್ಕಳನ್ನು ಕಲಿಯಲು ಕಳಿಸುತ್ತೇವಾ? ಪಾಠ ಹೇಳುವುದನ್ನು ಕಲಿಸುವವರು ಮಾತ್ರ ಕೊನೆಯ ಸಲ ಶಾಲೆಯಲ್ಲಿ ಪಾಠ ಮಾಡಿದ್ದು ತಮ್ಮ ಬಿಎಡ್‌ನಲ್ಲೇ ಆದರೂ ನಡೆಯುತ್ತದೆ!

ಪೂರ್ತಿ ತಪ್ಪು ನಿಮ್ಮದಲ್ಲ, ಅದೂ ಗೊತ್ತು. 2010ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಅಧ್ಯಾಪಕರ ಬಡ್ತಿಗೆ ಎಪಿಐ ಅಂತ ಅಂಕಗಳ ಲೆಕ್ಕ ತಂದಿತು. ಪ್ರಬಂಧಕ್ಕಿಷ್ಟು, ಸೆಮಿನಾರಿಗಿಷ್ಟು. ಆಮೇಲೆ ನಿಯಮ ಬದಲಾದವು, ಚಟ ಹೋಗಲಿಲ್ಲ. ದುಡ್ಡು ಕೊಟ್ಟರೆ ವಾರದಲ್ಲಿ ಪ್ರಬಂಧ ಅಚ್ಚು ಹಾಕಿಕೊಡುವ ಪತ್ರಿಕೆಗಳು ಹುಟ್ಟಿಕೊಂಡವು. ಪಕ್ಕದ ಹೈಸ್ಕೂಲಿನಲ್ಲಿ ಒಂದು ತಿಂಗಳು ಎಂಟನೇ ಕ್ಲಾಸಿಗೆ ಪಾಠ ಮಾಡಿದರೆ ನಿಮಗೆ ಯಾವ ಬಡ್ತಿ ಸಿಗುತ್ತೆ ಹೇಳಿ?

ಇನ್ನೊಂದು ಕಡೆ ನೋಡಿ. ನಮ್ಮ ರಾಜ್ಯದ ದೊಡ್ಡ ಬೋಧನಾ ಪ್ರಯೋಗ ನಲಿಕಲಿ. ಚಿಕ್ಕ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಅದು ಯಾವ ಎಂಎಡ್ ವಿಭಾಗದಲ್ಲೂ ಹುಟ್ಟಲಿಲ್ಲ. 1995ರ ಸುಮಾರಿಗೆ ಎಚ್.ಡಿ. ಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲೆ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ತಾವೇ ಕೂತು ಕಾರ್ಡು ಬರೆದು, ಮಗು ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಕಲಿಕಾ ಏಣಿ ಕಟ್ಟಿದರು. ಅದರ ಸೊಂಟ ಮುರಿದದ್ದು ಆಮೇಲೆ, ರಾಜ್ಯಕ್ಕೆಲ್ಲ ಒಂದೇ ಆದೇಶದಲ್ಲಿ ಹಂಚಿದಾಗ ಅನ್ನುವುದು ನನ್ನ ಅಭಿಪ್ರಾಯ. ಅದಿರಲಿ. ಅಂಥ ಮೇಷ್ಟ್ರೊಬ್ಬರು ಇಂದು ನಿಮ್ಮ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ ಅಂದರೆ ಎಂಎಡ್ ಎಲ್ಲಿ ಅಂತ ಕೇಳುತ್ತೀರಿ. ಶಿಕ್ಷಕರ ದಿನ ಕರೆದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುತ್ತೀರಿ. ಪತ್ರಿಕೆಗಳೂ ಅಷ್ಟೇ, ನಮ್ಮದೂ ಸೇರಿ. ಡಾಕ್ಟರೇಟ್ ಬಂದರೆ ಪಾಸ್‌ಪೋರ್ಟ್ ಸೈಜಿನ ಫೋಟೋ ಸಮೇತ ಸುದ್ದಿ. ಓದಲು ಬಾರದ ಹುಡುಗ ಓದಿದರೆ ಅದು ಯಾರಿಗೂ ಸುದ್ದಿಯಲ್ಲ.

ನಿಮ್ಮ ಕಾಲೇಜಿನ ಬಗ್ಗೆ ಬರೆಯಲು ನಾವು ತಯಾರಿದ್ದೇವೆ. ಪಿಎಚ್‌ಡಿ ಮುಗಿಸಿದ ಆ ಇಬ್ಬರು ಹತ್ತಿರದ ಸರ್ಕಾರಿ ಶಾಲೆಯಲ್ಲಿ ಹದಿನೈದು ದಿನ ಪಾಠ ಮಾಡಲಿ. ಹಿಂದಿನ ಬೆಂಚಿನಲ್ಲಿ ನಿಮ್ಮ ವಿದ್ಯಾರ್ಥಿಗಳು ಕೂತು ನೋಡಲಿ, ಬೇಕಿದ್ದರೆ ಷರಾನೂ ಬರೆಯಲಿ. ಯಾವ ಮಗು ಏನು ಕೇಳಿತು, ಎಲ್ಲಿ ಪಾಠ ಕೈಕೊಟ್ಟಿತು ಅಂತ ಬರೆದು ಕಳಿಸಿ. ನಾಲ್ಕು ಪುಟ ಮೀಸಲಿಡುತ್ತೇನೆ. ಸೆಮಿನಾರಿನ ಫೋಟೋ ಮಾತ್ರ ಬೇಡ.